ಕಿರುಬೆರಳಿನ ಗುಳಿ

ನಮ್ಮಮ್ಮನ ಕುಕ್ಕರಿನ ಹಿಡಿಗೆ ಒಂದು ಸ್ಕ್ರೂ ಹಾಕಿಕೊಡಲು ಆಗುವುದಿಲ್ಲ ಎಂದು ಮುಖಕ್ಕೆ ಹೊಡೆದಂತೆ ಹೇಳಿದ ಮನುಷ್ಯನ ಬಗ್ಗೆ ಬರೆಯಲು ಕೂತಿದ್ದೇನೆ. ಹೋದ ವಾರ ಅವರ ಹೆಂಡತಿ ಬಂಟ್ವಾಳದಿಂದ ವಾಯ್ಸ್ ಮೆಸೇಜ್ ಕಳಿಸಿದ್ದರು. "ಕಾಕ ಹೋದ್ರು ಮಗಳೇ. ಊಟ ಮಾಡಿ ಕೂತಿದ್ರು, ಹಾಗೇ." ಮಾತು ಅಷ್ಟೇ. ಆಮೇಲೆ ಸುಮಾರು ಹೊತ್ತು ಫ್ಯಾನಿನ ಸದ್ದು. ನಿಲ್ಲಿಸುವುದು ಮರೆತುಹೋಗಿತ್ತೇನೋ. ನಾನು ಆ ಸದ್ದನ್ನೂ ಕೊನೆಯವರೆಗೆ ಕೇಳಿದೆ.

ತೀರಿಕೊಂಡವರನ್ನೆಲ್ಲ ದೇವರಂಥವರನ್ನಾಗಿ ಮಾಡುವ ಬರವಣಿಗೆ ನನಗೆ ಆಗಿಬರುವುದಿಲ್ಲ. ಕಾಕ ಒಳ್ಳೆಯವರೇ ಎಂದು ಯಾರಾದರೂ ವಿಷಯ ಕೊಟ್ಟರೆ ಪರವಾಗಿಯೂ ವಿರೋಧವಾಗಿಯೂ ಮಾತಾಡಬಲ್ಲೆ, ಮತ್ತು ವಿರೋಧದ ಕಡೆಗೆ ಅಂಕ ಜಾಸ್ತಿ ಬರುತ್ತದೆ. ಜಂಬದ ಮನುಷ್ಯ. "ಇಡೀ ಮಸ್ಕತ್ತಿನಲ್ಲಿ ಈ ಕೆಲಸ ಗೊತ್ತಿರುವವ ಒಬ್ಬನೇ" ಎಂದು ಹೇಳಿ, ಆ ಒಬ್ಬ ಯಾರೆಂದು ನಾವು ಕೇಳಲಿ ಅಂತ ಕಾಯುತ್ತಿದ್ದರು. ಡಾಕ್ಟರರೆಲ್ಲ ಕಳ್ಳರು ಎನ್ನುತ್ತಿದ್ದರು. ವಾದದಲ್ಲಿ ಸೋಲುವ ಹೊತ್ತಿಗೆ ಸರಿಯಾಗಿ ಅವರಿಗೆ ಚಹಾ ನೆನಪಾಗುತ್ತಿತ್ತು.

ಮಸ್ಕತ್ತಿನ ಅಂಚಿನ ಅಲ್ ಮಬೇಲಾದ ಒಂದು ಕಟ್ಟಡದಲ್ಲಿ ನಮ್ಮದು ಮೂರನೇ ಮಹಡಿ, ಅವರದು ಎರಡನೆಯದು, ಕೆಳಗೆ ಟಯರ್ ಅಂಗಡಿ. ತೈಲದ ಬೆಲೆ ಕುಸಿದುಬಿದ್ದಿದ್ದ ವರ್ಷಗಳು. ಮೈಸೂರಿನಲ್ಲಿ ಡಿಗ್ರಿ ಮುಗಿಸಿ, ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಕಪ್ಪುಗಳನ್ನು ಅಜ್ಜಿಯ ಮನೆಯ ಅಟ್ಟಕ್ಕೆ ಹಾಕಿ, ಕೆಲಸ ಸಿಗುವವರೆಗೆ ಅಂತ ನಾನು ಅಪ್ಪ ಅಮ್ಮನ ಹತ್ತಿರ ಬಂದಿದ್ದೆ. ಕೆಲಸ ಕೊಡಬೇಕಾದ ಕಂಪನಿಗಳು ಇದ್ದವರನ್ನೇ ಮನೆಗೆ ಕಳಿಸುತ್ತಿದ್ದವು. ರುಸೈಲ್‌ನ ಕಾರ್ಖಾನೆಯಿಂದ ಅಪ್ಪ ಸಂಜೆ ಬಂದು ಶೂ ಬಿಚ್ಚುವ ಮೊದಲೇ ಅಮ್ಮ "ಇವತ್ತು ಯಾರು?" ಎನ್ನುತ್ತಿದ್ದರು. ಯಾರಾದರೊಬ್ಬರು ಇದ್ದೇ ಇರುತ್ತಿದ್ದರು. ಹೊರಟವರ ಸೋಫಾ, ಮಕ್ಕಳ ಸೈಕಲ್ಲು, ಊಟದ ಮೇಜು ಮಾರಾಟಕ್ಕೆ ಬಂದು, ಮಾರಾಟವಾಗದೆ, ಕಸದ ತೊಟ್ಟಿಯ ಪಕ್ಕ ಬಿಸಿಲಲ್ಲಿ ಕೂತಿರುತ್ತಿದ್ದವು.

ಇಡೀ ದಿನ ನನ್ನ ವಾದ ಕೇಳಿ ಸಾಕಾದ ಅಮ್ಮ ಒಂದು ದಿನ ಕುಕ್ಕರ್ ಕೊಟ್ಟು ಕಳಿಸಿದರು. "ಕೆಳಗೆ ಒಬ್ಬರು ಇದ್ದಾರಂತೆ, ಏನೋ ಹಿಡಿ ಗಿಡಿ ಮಾಡ್ತಾರಂತೆ. ಹೋಗಿ ಅವರ ತಲೆ ತಿನ್ನು."

ಬಾಲ್ಕನಿಯಲ್ಲಿ ಒಂದು ಮೇಜು, ಅದಕ್ಕೆ ಕಚ್ಚಿಸಿದ, ಮರ ಬಿಗಿಹಿಡಿಯುವ ಸಣ್ಣ ವೈಸ್, ಅದರ ಎರಡೂ ದವಡೆಗೆ ಚರ್ಮ ಹೊಲಿದಿತ್ತು. ಕಾಕ ಕುಕ್ಕರನ್ನು ಒಮ್ಮೆ ನೋಡಿ, ನನ್ನನ್ನು ಒಮ್ಮೆ ನೋಡಿ, "ಇದು ನನ್ನ ಕೆಲಸ ಅಲ್ಲ" ಎಂದರು.

"ನೀವು ಹಿಡಿ ಮಾಡೋರಲ್ವಾ? ಇದೂ ಹಿಡಿನೇ."

"ಕುಕ್ಕರಿನ ಹಿಡಿ ಯಾರ ಕೈಗೂ ಆಗ್ತದೆ. ಯಾರ ಕೈಗೂ ಆಗುವ ಹಿಡಿ ನಾನು ಮುಟ್ಟುದಿಲ್ಲ."

"ಅದು ತತ್ವಾನಾ, ಸೋಮಾರಿತನಾನಾ?"

ಅವರ ಹೆಂಡತಿ ಒಳಗಿನಿಂದ ಜೋರಾಗಿ ನಕ್ಕರು. ನಾನು ಆಂಟಿ ಎಂದು ಕರೆಯುತ್ತಿದ್ದದ್ದು ಅವರನ್ನೇ. "ಕುಳಿತುಕೋ ಮಗಳೇ. ಇಷ್ಟು ವರ್ಷಕ್ಕೆ ಒಂದು ಸರಿಯಾದ ಪ್ರಶ್ನೆ ಬಂತು ಈ ಮನೆಗೆ." ಕುಕ್ಕರಿಗೆ ಸ್ಕ್ರೂ ಹಾಕಿದವರು ಆಂಟಿಯೇ, ಕಾಕನ ಸ್ಕ್ರೂ ಡ್ರೈವರಿನಿಂದ. ಕಾಕ ಮುಖ ತಿರುಗಿಸಿ ಕೂತಿದ್ದರು, ಮನೆಯಲ್ಲಿ ಏನೋ ಅನಾಚಾರ ನಡೆಯುತ್ತಿರುವಂತೆ.

ಅವರು ಮಾಡುತ್ತಿದ್ದದ್ದು ಸ್ಪರ್ಧೆಯ ಪಿಸ್ತೂಲುಗಳ ಹಿಡಿ. ವಿಮಾನ ನಿಲ್ದಾಣದ ಆಚೆ ಒಂದು ಕಂಪನಿಯ ಕ್ರೀಡಾ ಕ್ಲಬ್ಬಿತ್ತು. ಅಲ್ಲಿನ ಶೂಟಿಂಗ್ ರೇಂಜಿನಲ್ಲಿ ಗಾಳಿಯ ಒತ್ತಡದಿಂದ ಸಣ್ಣ ಸೀಸದ ಗುಂಡು ಹಾರಿಸಿ ಹತ್ತು ಮೀಟರ್ ದೂರದ ಕಾಗದಕ್ಕೆ ಹೊಡೆಯುವ ಆಟ. ಆ ಪಿಸ್ತೂಲುಗಳ ಮೆಕ್ಯಾನಿಕ್ ಕಾಕ. ಅವರಪ್ಪನಿಗೆ ಊರಲ್ಲಿ ಕೋವಿ ರಿಪೇರಿಯ ಅಂಗಡಿ. ಬೆಳೆಗೆ ಬರುವ ಹಂದಿ ಓಡಿಸಲು ಲೈಸೆನ್ಸ್ ಪಡೆದವರ ಕೋವಿಗಳೆಲ್ಲ ಅಲ್ಲಿಗೇ ಬರುತ್ತಿದ್ದವಂತೆ. ಕಾಕ ಲೇತ್ ಕೆಲಸಕ್ಕೆಂದು ರುಸೈಲ್‌ಗೆ ಬಂದು, ಅಲ್ಲಿಂದ ಕ್ಲಬ್ಬಿಗೆ ಸೇರಿದವರು. ಪಿಸ್ತೂಲು ಕ್ಲಬ್ಬಿನ ಬೀಗ ದಾಟಿ ಒಂದು ದಿನವೂ ಹೊರಗೆ ಬಂದದ್ದಿಲ್ಲ, ಕಾನೂನೇ ಹಾಗೆ. ಮನೆಗೆ ಬರುತ್ತಿದ್ದದ್ದು ಮರದ ಹಿಡಿ ಮಾತ್ರ. "ಕಬ್ಬಿಣ ಕ್ಲಬ್ಬಿಂದು, ಮರ ನಂದು" ಎನ್ನುತ್ತಿದ್ದರು.

ಮನೆಯಲ್ಲೇ ಈ ಕೆಲಸ ಮಾಡಲು ಏನೇನು ಬೇಕೆಂದು ಯಾರಾದರೂ ಕೇಳಿದರೆ ಕಾಕನಿಗೆ ಹಬ್ಬ. ಮೊದಲು ಸ್ಕ್ರೂ ಡ್ರೈವರು: ಒಂದೊಂದು ಸ್ಕ್ರೂವಿನ ತಲೆಯ ಗೀರಿಗೆ ಒಂದೊಂದು, ಅವರೇ ಕಲ್ಲಿಗೆ ಹಿಡಿದು ಮಸೆದದ್ದು. ಅಂಗಡಿಯ ಸ್ಕ್ರೂ ಡ್ರೈವರ್ ಹಾಕಿ ತಲೆ ಕೆರೆದ ಸ್ಕ್ರೂ ನೋಡಿದರೆ ಅವರಿಗೆ ಅಳು ಬರುವುದೊಂದು ಬಾಕಿ. ಆಮೇಲೆ ಪಿನ್ನು ತಳ್ಳಲು ಹಿತ್ತಾಳೆಯ ಕಡ್ಡಿ, ಉಕ್ಕಿಗೆ ಗಾಯವಾಗದ ಹಾಗೆ. ಪಿಸ್ತೂಲಿನ ಕುದುರೆ, ಅಂದರೆ ಟ್ರಿಗರ್, ಎಳೆಯಲು ಬೇಕಾದ ಭಾರ ನಿಯಮದಷ್ಟಿದೆಯೇ ಎಂದು ನೋಡಲು ಕೊಕ್ಕೆಯಿದ್ದ ತೂಕದ ಬಟ್ಟು. ಅದನ್ನು ಕ್ಲಬ್ಬಿಗೆ ಹೋಗುವಾಗ ಜೇಬಲ್ಲಿ ಹಾಕಿಕೊಂಡು ಬರುವಾಗ ತರುತ್ತಿದ್ದರು, ಕ್ಲಬ್ಬಿನ ಬಟ್ಟಿನ ಮೇಲೆ ನಂಬಿಕೆಯಿಲ್ಲ. ಕಳ್ಳರೆಂದು ಬೈಯುತ್ತಿದ್ದ ಹಲ್ಲಿನ ಡಾಕ್ಟರರಿಂದಲೇ ಬೇಡಿ ತಂದ, ಸಂದು ಕೆರೆಯುವ ಕೊಕ್ಕೆ. ಮತ್ತೆ ಮರ ಉಜ್ಜುವ ಅರಗಳು. ದುಂಡು, ಅರೆದುಂಡು, ಇಲಿಬಾಲದಂಥವು. ಅವನ್ನು ಆಂಟಿಯ ಹಳೆ ದುಪಟ್ಟಾದಲ್ಲಿ ಸುತ್ತಿ ಮಲಗಿಸುತ್ತಿದ್ದರು.

"ಈ ಅರಗಳನ್ನೇ ಮದುವೆ ಆಗ್ಬೇಕಿತ್ತು" ಎಂದು ಆಂಟಿ.

"ಅವು ಮಾತಾಡುದಿಲ್ಲ, ಹಾಗೆ ಯೋಚನೆ ಮಾಡಿದ್ದೆ" ಎಂದು ಕಾಕ.

ಶೂಟರುಗಳು ಮನೆಗೇ ಬರುತ್ತಿದ್ದರು. ಬಾಲ್ಕನಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಒರಟಾಗಿ ಕೆತ್ತಿದ ಹಿಡಿಗೆ ಮರದ ಪುಟ್ಟಿ ಮೆತ್ತಿ, ಒತ್ತಿ ಹಿಡಿದುಕೊಳ್ಳಲು ಹೇಳುವುದು. ಬೆರಳುಗಳು ಪುಟ್ಟಿಯಲ್ಲಿ ಇಳಿದು ತಮ್ಮ ತಮ್ಮ ಜಾಗ ಮಾಡಿಕೊಳ್ಳುತ್ತವೆ. ಒಣಗಿದ ಮೇಲೆ ಅರ. ಮತ್ತೆ ಪುಟ್ಟಿ, ಮತ್ತೆ ಅರ. ಕೊನೆಯ ಪರೀಕ್ಷೆ ಕ್ಲಬ್ಬಿನಲ್ಲಿ: ಕಣ್ಣು ಮುಚ್ಚಿ ಪಿಸ್ತೂಲು ಎತ್ತಬೇಕು, ಕಣ್ಣು ಬಿಟ್ಟಾಗ ಗುರಿ ನೆಟ್ಟಗೆ ಎದುರಿಗೆ ಇರಬೇಕು. ಕೈ ತಾನಾಗಿಯೇ ದಾರಿ ಕಂಡುಕೊಂಡರೆ ಹಿಡಿ ಆಯಿತು ಅಂತ ಅರ್ಥ.

ಹಮದ್ ಹಾಗೆ ಬಂದವನು. ಪಕ್ಕದ ಸೀಬ್‌ನ ಒಮಾನಿ ಹುಡುಗ, ನನಗಿಂತ ಒಂದೆರಡು ವರ್ಷ ಚಿಕ್ಕವನಿರಬೇಕು. ಕ್ಲಬ್ಬಿನಲ್ಲಿ ಇದ್ದೊಂದು ಒಳ್ಳೆಯ ಪಿಸ್ತೂಲು ಅವನಿಗೆ ಮೀಸಲು. ಆಂಟಿ ಮಾಡಿದ ಪತ್ತಿರ್ ರೊಟ್ಟಿ ತಿಂದು, ಪುಟ್ಟಿ ಮೆತ್ತಿದ ಕೈ ಮೇಲಕ್ಕೆ ಹಿಡಿದುಕೊಂಡು ಎಡಗೈಯಲ್ಲೇ ಇನ್ನೊಂದು ಕೇಳುತ್ತಿದ್ದ. ಅವನ ಬಲಗೈಯ ಕಿರುಬೆರಳು ಒಳಕ್ಕೆ ಸೊಟ್ಟಗಿತ್ತು. ಚಿಕ್ಕವನಿದ್ದಾಗ ಫುಟ್‌ಬಾಲ್ ಆಡುವಾಗ ಮುರಿದದ್ದು ಅಂತ ನಗುತ್ತಾ ಹೇಳಿದ್ದ. ಆ ಒಂದು ಬೆರಳಿಗಾಗಿ ಕಾಕ ಎಷ್ಟು ಸಲ ಪುಟ್ಟಿ ಕಿತ್ತು ಹಾಕಿದರೋ. ಹಿಡಿಯ ಕೆಳಭಾಗದಲ್ಲಿ ಬೇರೆ ಯಾರಿಗೂ ಬೇಡದ ಒಂದು ಗುಳಿ, ಓರೆಯಾಗಿ, ಆಳವಾಗಿ ಬಂತು. ಕಾಕನಿಗೆ ಅದರ ಮೇಲೆ ಎಲ್ಲಿಲ್ಲದ ಅಭಿಮಾನ. "ಈ ಗುಳಿ ನೋಡು. ಇಡೀ ಮಸ್ಕತ್ತಿನಲ್ಲಿ..."

"ಒಬ್ಬನೇ" ಎಂದು ನಾನೂ ಹಮದನೂ ಒಟ್ಟಿಗೆ ಮುಗಿಸುತ್ತಿದ್ದೆವು. ಅವನಿಗೆ ಆ ಒಂದು ಕನ್ನಡ ಪದ ಬಾಯಿಪಾಠವಾಗಿತ್ತು.

ಹಮದ್ ಕಾರು ಅಪಘಾತದಲ್ಲಿ ಹೋದ. ಹೆದ್ದಾರಿ, ಹಗಲು, ಹಿಂದಿನಿಂದ ಲಾರಿ. ಇದಕ್ಕಿಂತ ಹೆಚ್ಚು ನನಗೆ ಗೊತ್ತಿಲ್ಲ.

ದುಃಖಕ್ಕೆ ಕ್ಲಬ್ಬಿನಲ್ಲಿ ಹೆಚ್ಚು ಸಮಯವಿರಲಿಲ್ಲ, ಪಂದ್ಯ ಹತ್ತಿರ ಬಂದಿತ್ತು. ಮ್ಯಾನೇಜರ್ ಕಾಕನನ್ನು ಕರೆದು ಹೇಳಿದ್ದು ಇಷ್ಟು: ಪಿಸ್ತೂಲು ಹೊಸ ಶೂಟರಿಗೆ ಹೋಗುತ್ತದೆ. ಹೊಸ ಹಿಡಿ ತರಿಸಲು ಕಂಪನಿ ಒಪ್ಪುವುದಿಲ್ಲ. ಇದ್ದದ್ದನ್ನೇ ಉಜ್ಜಿ, ಪುಟ್ಟಿ ತುಂಬಿ, ಹೊಸಬನ ಕೈಗೆ ಕೂರಿಸಿಕೊಡಿ. ಈ ವರ್ಷ ಯಾರನ್ನು ಇಟ್ಟುಕೊಳ್ಳಬೇಕು ಎಂದು ಮೇಲಿನವರು ಕೇಳುತ್ತಿದ್ದಾರೆ, ತಿಳಿಯಿತಲ್ಲ?

ತಿಳಿದಿತ್ತು. ಕೆಲಸ ಹೋದರೆ ವೀಸಾ ಹೋಯಿತು, ವೀಸಾ ಹೋದರೆ ಈ ಬಾಲ್ಕನಿಯೂ ಇಲ್ಲ. ಹಿಡಿಯನ್ನು ಮನೆಗೆ ತಂದ ಕಾಕ ಅದರ ಮೇಲೆ ಹಳದಿ ಬಟ್ಟೆ ಮುಚ್ಚಿ ಮೇಜಿನ ಮೂಲೆಗೆ ಇಟ್ಟರು. ದಿನ ಕಳೆಯಿತು. ಬಟ್ಟೆ ಹಾಗೇ ಇತ್ತು. ಪ್ಲಾಸ್ಟಿಕ್ ಕುರ್ಚಿಯ ಕೈಯ ಕೆಳಗೆ ಯಾವಾಗಲೋ ಹಮದ್ ಒರೆಸಿದ ಪುಟ್ಟಿ ಅವನ ಹೆಬ್ಬೆರಳಿನ ಗುರುತಿನ ಸಮೇತ ಒಣಗಿ ಅಂಟಿಕೊಂಡಿತ್ತು. ಆ ಕುರ್ಚಿಯಲ್ಲಿ ಯಾರೂ ಕೂರುತ್ತಿರಲಿಲ್ಲ. ಕೂರಬಾರದು ಅಂತ ಯಾರೂ ಹೇಳಿರಲಿಲ್ಲ.

ಆಂಟಿಯೇ ನನ್ನನ್ನು ಕರೆಸಿದರು. "ನೀನು ಹೇಳು ಮಗಳೇ. ನಾನು ಹೇಳಿದ್ರೆ ಜಗಳ ಆಗ್ತದೆ, ನೀನು ಹೇಳಿದ್ರೆ ಚರ್ಚೆ ಆಗ್ತದೆ."

ನಾನು ಚೆನ್ನಾಗಿಯೇ ವಾದಿಸಿದೆ. ಮರಕ್ಕೆ ನೆನಪಿಲ್ಲ, ನೆನಪಿರುವುದು ನಮಗೆ. ಮರ ಉಜ್ಜಿದರೆ ನಮ್ಮ ನೆನಪೇನೂ ಸವೆಯುವುದಿಲ್ಲ. ಎರಡನೆಯದಾಗಿ, ಹಿಡಿ ಇರುವುದು ಹಿಡಿಯಲಿಕ್ಕೆ. ಹಿಡಿಯುವ ಕೈಯೇ ಇಲ್ಲದ ಮೇಲೆ ಅದು ಬರೀ ಮರದ ತುಂಡು. ಮೂರನೆಯದು ಎಲ್ಲಕ್ಕಿಂತ ಸರಳ, ನೀವು ಇದನ್ನು ಉಜ್ಜದಿದ್ದರೆ ನಿಮ್ಮನ್ನು ಮನೆಗೆ ಕಳಿಸುತ್ತಾರೆ, ಆಮೇಲೆ ಬೇರೆ ಯಾರೋ ಉಜ್ಜುತ್ತಾರೆ.

ಕಾಕ ಪೂರ್ತಿ ಕೇಳಿದರು. ಚಹಾ ಕೇಳಲಿಲ್ಲ. "ಮೂರೂ ಸರಿ" ಎಂದರು. ಬಟ್ಟೆ ತೆಗೆದು ಹಿಡಿಯನ್ನು ನನ್ನ ಮುಂದೆ ಇಟ್ಟರು. "ಈಗ ಕೈ ಇಡು."

ಇಟ್ಟೆ. ಹೆಬ್ಬೆರಳು ತನ್ನ ದಂಡೆಗೆ ಹೋಯಿತು, ಬೆರಳುಗಳು ಒಂದೊಂದಾಗಿ ಸಾಲಿಗೆ ಬಂದವು. ಎಲ್ಲವೂ ಸ್ವಲ್ಪ ದೊಡ್ಡದು, ಯಾರದೋ ಚಪ್ಪಲಿ ಹಾಕಿಕೊಂಡ ಹಾಗೆ. ಕೊನೆಗೆ ಕಿರುಬೆರಳು ಆ ಗುಳಿಯೊಳಗೆ ಜಾರಿತು. ಜಾರಿ, ಒಳಗೆ ಓರೆಯಾಯಿತು. ನನ್ನ ಬೆರಳು ಒಂದು ಕ್ಷಣ ನನ್ನದಲ್ಲದ ರೀತಿಯಲ್ಲಿ ಸೊಟ್ಟಗೆ ನಿಂತಿತು. ಮರ ಬೆಚ್ಚಗಿತ್ತು.

ಬಾಲ್ಕನಿಯಲ್ಲಿ ಎಸಿ ಇಲ್ಲ, ಮಧ್ಯಾಹ್ನದ ಬಿಸಿಲು ಮೇಜಿನ ಮೇಲೆಯೇ ಬೀಳುತ್ತದೆ, ಮರ ಬೆಚ್ಚಗಿರದೆ ಇನ್ನೇನು? ಇದನ್ನು ನಾನು ಆಗಲೇ ಯೋಚಿಸಿದ್ದೆ. ಯೋಚಿಸುವಷ್ಟರಲ್ಲಿ ಕೈ ಆಚೆ ತೆಗೆದಾಗಿತ್ತು.

"ಎಂತ?" ಎಂದರು ಕಾಕ.

"ಏನಿಲ್ಲ."

"ಹಾಂ. ನನಗೂ ಏನಿಲ್ಲ" ಎಂದು ಬಟ್ಟೆ ಮುಚ್ಚಿದರು.

ಮರುದಿನ ಅವರು ಕಸದ ತೊಟ್ಟಿಯ ಹತ್ತಿರ ಹೋಗಿ ಒಂದು ಊಟದ ಮೇಜಿನ ಕಾಲನ್ನು ಗರಗಸದಿಂದ ಕೊಯ್ದುಕೊಂಡು ಬಂದರು. ಅದು ನಾಲ್ಕನೇ ಮಹಡಿಯಲ್ಲಿದ್ದ ಬೆಂಗಳೂರಿನವರ ಮೇಜು. ಯುಗಾದಿಗೆ ಅದರ ಸುತ್ತ ಕೂತು ನಾವು ಹೋಳಿಗೆ ತಿಂದಿದ್ದೆವು. ಒಳ್ಳೆಯ ಗಟ್ಟಿ ಮರ, ಒಳ್ಳೆಯ ಎಳೆ. ಹಳೆಯದನ್ನು ಮುಟ್ಟದೆ, ಹೊಸಬನಿಗೆ ಮೊದಲಿನಿಂದ ಹೊಸ ಹಿಡಿಯನ್ನೇ ಕೆತ್ತಿಕೊಡುವುದು, ಮ್ಯಾನೇಜರನಿಗೆ ಹೇಳುವುದೇ ಬೇಡ ಎನ್ನುವುದು ಕಾಕನ ಲೆಕ್ಕಾಚಾರ. ಒಪ್ಪಿಕೊಳ್ಳಬೇಕು, ಜಾಣ ಉಪಾಯ. ನಾನೂ ಮೆಚ್ಚಿದೆ. ಹೊಸ ಶೂಟರ್ ಬಂದು, ಬೇರೊಂದು ಕುರ್ಚಿಯಲ್ಲಿ ಕೂತು, ಪುಟ್ಟಿ ಒತ್ತಿ ಹೋದ. ಅವನ ಬೆರಳುಗಳೆಲ್ಲ ಸಾಲು ಹಾಕಿ ನಿಲ್ಲಿಸಿದಂತೆ ನೆಟ್ಟಗಿದ್ದವು. ಕಾಕ ಬಿಡುವಿಲ್ಲದೆ ಅರ ಹಾಕಿದರು.

ಹಿಡಿ ಕ್ಲಬ್ಬಿಗೆ ಹೋಯಿತು, ಎರಡೇ ದಿನಕ್ಕೆ ವಾಪಸ್ ಬಂತು. ಹೊಸಬ ಕಣ್ಣು ಮುಚ್ಚಿ ಎತ್ತಿದರೆ ಗುರಿ ಪಕ್ಕಕ್ಕೆ ಹೋಗುತ್ತದಂತೆ. ಕಿರುಬೆರಳು ಎಲ್ಲಿಗೋ ಬೀಳುತ್ತದಂತೆ.

ಕಾಕ ಅದನ್ನು ಬೆಳಕಿಗೆ ಹಿಡಿದು ನೋಡಿದರು. ನನಗೆ ತೋರಿಸಿದರು. ಕೆಳಭಾಗದಲ್ಲಿ, ಓರೆಯಾಗಿ, ಆ ಗುಳಿ ಇತ್ತು.

"ನೀವೇ ಕೆತ್ತಿದ್ದು ಕಾಕ" ಎಂದೆ. "ಅಷ್ಟು ಸಲ ಮಾಡಿದ ಕೆಲಸ, ಕೈಗೆ ರೂಢಿಯಾಗಿದೆ. ಅರ ತಾನಾಗೇ ಆ ಕಡೆ ಹೋಗಿದೆ."

"ಹೌದು" ಎಂದರು. "ನಾನೇ ಮಾಡಿದ್ದು. ನನಗೆ ಗೊತ್ತಾಗ್ಲಿಲ್ಲ ಅಷ್ಟೇ."

ಪುಟ್ಟಿ ತುಂಬಿ ಮುಚ್ಚಿ, ಮತ್ತೆ ಅಚ್ಚು ತೆಗೆದುಕೊಂಡು, ಮತ್ತೆ ಕೆತ್ತಿದರು. ಈ ಸಲ ನಾನು ಪಕ್ಕದಲ್ಲೇ ಕೂತು ಕಾವಲು ಕಾದೆ. ಕಾಕ ಯಾವುದೋ ಮದುವೆಯ ಊಟದ ಕತೆ ಹೇಳುತ್ತಾ ಅರ ಆಡಿಸುತ್ತಿದ್ದರು. ನಾನು ನಗುತ್ತಿದ್ದೆ. ಕತೆ ಮುಗಿಯುವಾಗ ಇಬ್ಬರೂ ಒಟ್ಟಿಗೆ ಕೆಳಗೆ ನೋಡಿದೆವು. ಇಲಿಬಾಲದ ಅರ ಅಲ್ಲಿ ಅರ್ಧ ದಾರಿ ಇಳಿದಿತ್ತು.

"ಸಾವು ಮಾರಾಯ್ತಿ" ಎಂದು ಕಾಕ ಅರ ಕೆಳಗಿಟ್ಟು, ಕೈಗಳನ್ನು ತೊಡೆಯ ಕೆಳಗೆ ಸೇರಿಸಿ ಕೂತರು, ಶಾಲೆಯಲ್ಲಿ ಪೆಟ್ಟು ತಿಂದವರ ಹಾಗೆ. ಅವರ ಜಂಬ ಅವರ ಮುಖದಿಂದ ಇಳಿದದ್ದು ನಾನು ನೋಡಿದ್ದು ಅದೊಂದೇ ಸಲ.

ಮತ್ತೆ ತುಂಬಿಸಿ ಕಳಿಸಿದರು. ಪಂದ್ಯದಲ್ಲಿ ಹೊಸಬ ಚೆನ್ನಾಗಿ ಹೊಡೆಯಲಿಲ್ಲ. ಅವನು ಹೊಸಬನಾದ್ದರಿಂದಲೂ ಇರಬಹುದು, ಹಿಡಿಯಿಂದಲೂ ಇರಬಹುದು. ಮ್ಯಾನೇಜರನಿಗೆ ಕಾರಣ ಬೇಕಿರಲಿಲ್ಲ, ನೆಪ ಸಾಕಿತ್ತು. ಅವರಿಬ್ಬರ ಮಾತುಕತೆಯನ್ನು ಕಾಕ ಆಮೇಲೆ ನಮಗೆ ಅಭಿನಯಿಸಿ ತೋರಿಸಿದರು.

"ಹಳೇ ಹಿಡಿ ಎಲ್ಲಿ?"

"ಮನೆಯಲ್ಲಿ."

"ಉಜ್ಜಿದ್ರಾ?"

"ಇಲ್ಲ."

"ಯಾಕೆ?"

"ಅದ್ರಲ್ಲಿ ಜನ ಉಂಟು."

ಬಸ್ಸಿನಲ್ಲಿ ಪಕ್ಕದ ಸೀಟಿನ ಮೇಲೆ ಕರವಸ್ತ್ರ ಹಾಕಿ ಕೂತವರು ಹೇಳುತ್ತಾರಲ್ಲ, ಅದೇ ಸ್ವರದಲ್ಲಿ ಹೇಳಿದರಂತೆ. ಮ್ಯಾನೇಜರ್ ಹೊಸ ಹಿಡಿಯನ್ನು ಪಿಸ್ತೂಲಿನಿಂದ ಕಳಚಿ ಮೇಜಿನ ಮೇಲೆ ತಳ್ಳಿ, "ಎರಡೂ ಕಸ ನೀವೇ ಇಟ್ಕೊಳ್ಳಿ, ಖಲಾಸ್" ಎಂದನಂತೆ. ಕಾಕ ನಗಿಸಲೆಂದೇ ಹೇಳಿದ್ದು. ಆಂಟಿ ನಗಲಿಲ್ಲ. "ಈಗ ಎಂತ ಮಾಡುದು?" ಎಂದು ಕೇಳಲೂ ಇಲ್ಲ. ಅಟ್ಟದಿಂದ ಸೂಟ್‌ಕೇಸ್ ಇಳಿಸಿ ಧೂಳು ಒರೆಸಿದರು. ಒರೆಸುತ್ತಾ ಕೇಳಿದ್ದು ಬೇರೆಯೇ: "ಆ ಹುಡುಗನಿಗೆ ಅಪ್ಪ ಇಲ್ವಾ? ಅವನ ಹಿಡಿಯನ್ನು ಊರಿಗೆ ತಗೊಂಡು ಹೋಗಿ ನೀವು ಎಂತ ಮಾಡ್ತೀರಿ?"

ಅಪ್ಪ ಇದ್ದರು. ಸೀಬ್‌ನ ಸೂಕ್ ಪೇಟೆಯಲ್ಲಿ ಮೀನು ಮಾರುತ್ತಿದ್ದರು. ಕಾಕನನ್ನು ನಾನೇ ಕಾರಿನಲ್ಲಿ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ, ಈ ಭೇಟಿಯಿಂದ ಆ ಮನುಷ್ಯನಿಗೆ ನೋವಾಗುವುದೇ ಹೊರತು ಬೇರೇನಿಲ್ಲ ಎಂದು ನಾನು ವಾದಿಸಿದೆ. "ಇರಬಹುದು" ಎಂದರು ಕಾಕ.

ಹಮದನ ಅಪ್ಪ ಒಂದು ದೊಡ್ಡ ಸುರಮಾಯಿ ಮೀನು ಕತ್ತರಿಸುತ್ತಿದ್ದರು. ಕಾಕ ಹಿಂದಿಯಲ್ಲಿ, ನಡುನಡುವೆ ಅರಬ್ಬಿಯಲ್ಲಿ, ತಾನು ಯಾರೆಂದು ಹೇಳಿ ಹಳದಿ ಬಟ್ಟೆ ಬಿಚ್ಚಿದರು. ಆತ ಕತ್ತಿ ಇಟ್ಟು, ನಲ್ಲಿಯಲ್ಲಿ ಕೈ ತೊಳೆದು, ಒರೆಸಿಕೊಂಡು, ಹಿಡಿಯನ್ನು ತೆಗೆದುಕೊಂಡರು. ಮೊದಲು ಕತ್ತಿ ಹಿಡಿದಂತೆ ಹಿಡಿದರು. ಕಾಕ ಅವರ ಬೆರಳುಗಳನ್ನು ಒಂದೊಂದಾಗಿ ಎತ್ತಿ ಜಾಗಕ್ಕೆ ಕೂರಿಸಿದರು. ಅವರ ಕೈ ದಪ್ಪ, ಎಲ್ಲೂ ಸರಿಯಾಗಿ ಕೂರಲಿಲ್ಲ. ಕಿರುಬೆರಳು ಗುಳಿಯ ಅಂಚಿಗೆ ಬಂದು ನಿಂತಿತು. ಅವರು ಅದನ್ನು ಮುಂದಕ್ಕೆ ತಳ್ಳಲಿಲ್ಲ. ಹಿಡಿಯನ್ನು ತಿರುಗಿಸಿ ಆ ಗುಳಿಯನ್ನೇ ನೋಡಿದರು.

"ಫುಟ್‌ಬಾಲ್ ಆಡುವಾಗ ಮುರಿದಿತ್ತಂತೆ" ಎಂದೆ, ಏನಾದರೂ ಹೇಳಬೇಕಲ್ಲ ಎಂದು.

ಅವರು ತಲೆಯೆತ್ತಿದರು. "ಫುಟ್‌ಬಾಲ್ ಅಂದನಾ?"

"ಹೌದು."

"ಫುಟ್‌ಬಾಲ್ ಅಂದನಾ?" ಎಂದು ಮತ್ತೆ ಕೇಳಿದರು. ಈ ಸಲ ನನ್ನನ್ನಲ್ಲ. ಆಮೇಲೆ, ಗಿರಾಕಿಗೆ ಮೀನಿನ ಬಗ್ಗೆ ಹೇಳುವಷ್ಟೇ ಮೆಲ್ಲಗೆ, ಸಾಮಾನ್ಯವಾಗಿ ಹೇಳಿದರು. ದೋಣಿ ಎಳೆಯುವಾಗ ಹಗ್ಗಕ್ಕೆ ಸಿಕ್ಕಿದ್ದು. ನನ್ನ ಜೊತೆಗಿದ್ದ. ಆಸ್ಪತ್ರೆಗೆ ನಾಳೆ ಹೋಗೋಣ ಅಂದೆ, ಅವತ್ತು ಮೀನು ಬಹಳ ಇತ್ತು. ಒಂದು ಕಡ್ಡಿ ಇಟ್ಟು ನಾನೇ ಕಟ್ಟಿದೆ. ಸೊಟ್ಟ ಕಟ್ಟಿದೆ.

ಆತ ಹಿಡಿಯನ್ನು ಬಟ್ಟೆಯಲ್ಲಿ ಸುತ್ತಿ, ಮೀನಿನ ಹತ್ತಿರ ಇಡದೆ, ಅಂಗಿಯೊಳಗೆ ಸೇರಿಸಿಕೊಂಡು ಕತ್ತಿ ಎತ್ತಿಕೊಂಡರು. ನಾವು ಹೊರಡುವಾಗ ಅವರ ಎಡಗೈ ಎದೆಯ ಹತ್ತಿರ ಬಟ್ಟೆಯ ಮೇಲಿಂದಲೇ ಏನನ್ನೋ ಹುಡುಕುತ್ತಿತ್ತು.

ಕಾರು ಹೆದ್ದಾರಿಗೆ ಬಂದಾಗ ಕಾಕ ಅಂಗಿಯ ಮಡಚಿದ ತೋಳು ಇಳಿಸಿಕೊಂಡರು. "ಎಸಿ ಸ್ವಲ್ಪ ಕಮ್ಮಿ ಮಾಡು ಮಾರಾಯ್ತಿ." ಅಷ್ಟೇ.

ಊರಿಗೆ ಹೋಗುವ ದಿನ ಅರಗಳೆಲ್ಲ ದುಪಟ್ಟಾದೊಳಗೆ, ದುಪಟ್ಟಾ ಸೂಟ್‌ಕೇಸಿನೊಳಗೆ. ಮೇಜಿನ ಕಾಲಿನಿಂದ ಮಾಡಿದ ಹಿಡಿಯನ್ನು ನನ್ನ ಕೈಗೆ ಕೊಟ್ಟು, "ಕಾಗದ ಹಾರದ ಹಾಗೆ ಇಡ್ಲಿಕ್ಕೆ ಆಗ್ತದೆ" ಎಂದರು. "ಯಾರ ಕೈಗೂ ಆಗುವ ಹಿಡಿ ಮುಟ್ಟೋದಿಲ್ಲ ಅಂದಿದ್ರಿ" ಎಂದು ಕೆಣಕಿದೆ. "ಇದು ಯಾರ ಕೈಗೂ ಆಗುದಿಲ್ಲ" ಎಂದರು. ಗುಳಿ ಇದ್ದ ಜಾಗ ಪುಟ್ಟಿಯಿಂದ ತುಂಬಿ, ನುಣ್ಣಗೆ, ಮರದ ಬಣ್ಣವನ್ನೇ ಹಚ್ಚಿಸಿಕೊಂಡಿತ್ತು. ಗೊತ್ತಿಲ್ಲದವರಿಗೆ ಕಾಣುವಂತಿರಲಿಲ್ಲ.

ಈಗ ಕಾಣುತ್ತದೆ. ಒಣ ಹವೆಗೆ ಪುಟ್ಟಿ ಕುಗ್ಗುತ್ತದೆ, ಮರ ಅಷ್ಟು ಕುಗ್ಗುವುದಿಲ್ಲ. ಹೀಗಾಗಿ ತುಂಬಿದ ಜಾಗ ವರ್ಷದಿಂದ ವರ್ಷಕ್ಕೆ ಒಳಕ್ಕೆ ಇಳಿದು, ಅದೇ ಓರೆಯಲ್ಲಿ, ಮತ್ತೆ ಬಂದಿದೆ. ಇದರಲ್ಲಿ ವಿಚಿತ್ರವೇನೂ ಇಲ್ಲ. ಯಾರು ಬೇಕಾದರೂ ಪಾಟೀಸವಾಲಿಗೆ ಬರಲಿ, ನನ್ನ ವಿವರಣೆಯಲ್ಲಿ ತೂತು ಹುಡುಕಲಾರರು. ಹೋದ ವಾರದವರೆಗೂ ನಾನು ಮೇಜಿನ ಮೇಲೆ ಹಿಡಿಯ ಆ ಬದಿಯನ್ನು ಗೋಡೆಯ ಕಡೆ ತಿರುಗಿಸಿ ಇಡುತ್ತಿದ್ದೆ.

ಆಂಟಿಯ ಮೆಸೇಜಿನ ಫ್ಯಾನಿನ ಸದ್ದು ಮುಗಿದ ಮೇಲೆ ಆ ಗುಳಿಯ ಬದಿಯನ್ನು ನನ್ನ ಕಡೆ ತಿರುಗಿಸಿಕೊಂಡೆ.